ತೂಬು ಮುಚ್ಚದ ಕಾಲುವೆ: ಜೀವಕೋಶದ ಸಂಕೇತ-ಕಿಣ್ವಗಳು ಮತ್ತು ಕ್ಯಾನ್ಸರ್

(ನದಿಯ ಜಾಡಿನಲ್ಲಿ ಕೈಗೊಂಡ ಅಧ್ಯಯನ ಪ್ರವಾಸದ ಅಂಗವಾಗಿ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನಲ್ಲಿ, ಅಲ್ಲಿನ ಗ್ರಾಮಸ್ಥರು ಹಾಗೂ ನಮ್ಮೊಡನೆ ಬಂದಿದ್ದ ಮಲೆನಾಡಿನ ವಿದ್ಯಾರ್ಥಿಗಳ ಎದುರು ನೀಡಿದ ಉಪನ್ಯಾಸದ ಲಿಖಿತ ರೂಪ.)



ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಮುನಿರಾಬಾದಿನ ಅಣೆಕಟ್ಟೆಯಲ್ಲಿ ನಿಂತು, ಎಡದಂಡೆ ಕಾಲುವೆಯ ಮೂಲಕ ಸಿಂಧನೂರಿನ ಭತ್ತದ ಗದ್ದೆಗಳಿಗೆ ಬರುತ್ತಾರೆ. ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದ ಕುಟುಂಬಗಳು ಪುನರ್ವಸತಿಯ ಹೆಸರಿನ ಈ ಕ್ಯಾಂಪುಗಳಲ್ಲಿ ನೆಲೆಯೂರಿ, ಕಪ್ಪು ಮಣ್ಣನ್ನು ಹದಮಾಡಿ, ಕನ್ನಡವನ್ನೂ ಕಲಿತು ಬಾಳಿದ್ದು ಈ ನೀರಿನ ಆಸರೆಯಿಂದ. ಆದ್ದರಿಂದ ಮಲೆನಾಡಿನವರಾದ ನಾವು ನಿಮಗೆ ಹೊರಗಿನವರಲ್ಲ, ಮೇಲ್ಗಡೆಯ ನೆರೆಯವರು. ಆದರೆ ಬೆಟ್ಟದಿಂದ ಬಯಲಿಗೆ ನೀರು ಮಾತ್ರ ಇಳಿದು ಬರುವುದಿಲ್ಲ. ನಮ್ಮ ತೋಟದ ಅಡಿಕೆಯೂ ಬರುತ್ತದೆ. ಅದು ಇಲ್ಲಿನ ಅಂಗಡಿಗಳಲ್ಲಿ ಬಣ್ಣದ ಚೀಟಿಗಳಾಗಿ ನೇತಾಡುತ್ತದೆ. ಇಂದಿನ ವಿಷಯಕ್ಕೂ ಆ ಚೀಟಿಗೂ ಸಂಬಂಧವಿದೆ, ನೀವು ಕುಡಿಯುವ ನೀರಿಗೂ ಸಂಬಂಧವಿದೆ.

ಕ್ಯಾನ್ಸರ್ ಎಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ಇನ್ನೂ ತಗ್ಗಿದ ದನಿಯಲ್ಲಿ ಆಡುತ್ತಾರೆ. ಕೆಲವರು ಅದನ್ನು ಅಂಟುರೋಗವೆಂದು ತಿಳಿದು ರೋಗಿಯ ತಟ್ಟೆ ಲೋಟಗಳನ್ನು ಬೇರೆ ಇಡುತ್ತಾರೆ. ಕೆಲವರು ಕರ್ಮಫಲವೆನ್ನುತ್ತಾರೆ. ಎರಡೂ ಸರಿಯಲ್ಲ. ಕ್ಯಾನ್ಸರ್ ನಮ್ಮದೇ ದೇಹದ ಜೀವಕೋಶಗಳ ರೋಗ. ಬೆಳೆಯಬೇಕಾದಾಗ ಬೆಳೆದು, ನಿಲ್ಲಬೇಕಾದಾಗ ನಿಂತು, ಸಾಯಬೇಕಾದಾಗ ಸಾಯುವುದು ಕೋಶದ ಧರ್ಮ. ಆ ಅಂಕೆಯನ್ನು ಕಳೆದುಕೊಂಡ ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ತನ್ನ ಜಾಗ ಬಿಟ್ಟು ಬೇರೆ ಅಂಗಗಳಿಗೂ ನುಗ್ಗುವುದೇ ಕ್ಯಾನ್ಸರ್. ಹಾಗಾದರೆ ಆ ಅಂಕೆಯನ್ನು ಇಟ್ಟವರು ಯಾರು? ಅದು ತಪ್ಪುವುದು ಹೇಗೆ? ಕಳೆದ ನೂರು ವರ್ಷಗಳ ವಿಜ್ಞಾನ ಈ ಪ್ರಶ್ನೆಗಳಿಗೆ ಬಹುಮಟ್ಟಿಗೆ ಉತ್ತರ ಕೊಟ್ಟಿದೆ.

ಕಾಲುವೆಯ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ಅಣೆಕಟ್ಟೆಯ ನೀರು ತಾನಾಗಿ ನಿಮ್ಮ ಮಡಿಗೆ ಬರುವುದಿಲ್ಲ. ಮುಖ್ಯ ಕಾಲುವೆ, ವಿತರಣಾ ಕಾಲುವೆ, ಹೊಲಗಾಲುವೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಒಂದೊಂದು ತೂಬನ್ನೂ ಯಾರೋ ಎತ್ತಬೇಕು, ಮತ್ತೆ ಇಳಿಸಬೇಕು. ನಮ್ಮ ಹಳೆಯ ಕೆರೆಗಳಲ್ಲಿ ಆ ಕೆಲಸ ನೀರಗಂಟಿಯದು. ಜೀವಕೋಶದಲ್ಲಿಯೂ ಹಾಗೆಯೇ. ಕೋಶದ ಹೊರಪೊರೆಯಲ್ಲಿ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ‘ಇಲ್ಲಿ ಗಾಯವಾಗಿದೆ, ಬೆಳೆದು ತುಂಬು’ ಎಂಬ ರಾಸಾಯನಿಕ ಕರೆ ಹೊರಗಿನಿಂದ ಬಂದಾಗ ಗ್ರಾಹಕವು ಒಳಗಿನ ಮೊದಲನೆಯ ತೂಬನ್ನು ಎತ್ತುತ್ತದೆ. ಅದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು ಎತ್ತುತ್ತ ಸುದ್ದಿ ಕೋಶಕೇಂದ್ರವನ್ನು ತಲುಪುತ್ತದೆ. ಅಲ್ಲಿ ವಂಶವಾಹಿಗಳು ಎಚ್ಚೆತ್ತು ಕೋಶವು ವಿಭಜನೆಗೊಳ್ಳುತ್ತದೆ. ಗಾಯ ಮಾಯ್ದ ಮೇಲೆ ತೂಬುಗಳೆಲ್ಲ ಇಳಿಯುತ್ತವೆ.

ಈ ನೀರಗಂಟಿಗಳೇ ಕಿಣ್ವಗಳು. ತೂಬು ಎತ್ತುವ ಕಿಣ್ವಗಳಿಗೆ ಕೈನೇಸ್ ಎಂದು ಹೆಸರು. ಅವು ಇನ್ನೊಂದು ಪ್ರೋಟೀನಿಗೆ ಫಾಸ್ಫೇಟ್ ಎಂಬ ಪುಟ್ಟ ರಂಜಕದ ಗುಂಪನ್ನು ಅಂಟಿಸುತ್ತವೆ. ಅಷ್ಟರಿಂದಲೇ ಆ ಪ್ರೋಟೀನಿನ ಆಕಾರ ಬದಲಾಗಿ ಅದು ಕೆಲಸಕ್ಕೆ ತೊಡಗುತ್ತದೆ. ಅಂಟಿಸಿದ್ದನ್ನು ಕಿತ್ತು ತೂಬು ಇಳಿಸುವ ಕಿಣ್ವಗಳು ಫಾಸ್ಫಟೇಸ್‌ಗಳು. ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಎಂಬ ಅಮೆರಿಕದ ವಿಜ್ಞಾನಿಗಳು 1955ರಲ್ಲಿ ಸ್ನಾಯುವಿನ ಒಂದು ಕಿಣ್ವವನ್ನು ಅಭ್ಯಾಸ ಮಾಡುವಾಗ ಈ ಅಂಟಿಸು-ಕೀಳು ಆಟವನ್ನು ಕಂಡರು. ಅದಕ್ಕೆ 1992ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಮಾನವನಲ್ಲಿ ಸುಮಾರು 500ಕ್ಕೂ ಹೆಚ್ಚು ಬಗೆಯ ಕೈನೇಸ್‌ಗಳಿವೆಯೆಂದು ಈಗ ತಿಳಿದಿದೆ.

2024ರ ಆಗಸ್ಟ್ 10ರ ರಾತ್ರಿಯನ್ನು ಈ ಊರಿನವರು ಮರೆಯಲಾರರು. ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಉಳಿದ 32 ಗೇಟುಗಳು ಮುರಿಯದೆ ನಿಂತಿದ್ದವು. ಕಟ್ಟೆಯ ಕಲ್ಲು ಸರಿಯಾಗಿತ್ತು. ಆದರೂ ಒಂದೇ ಒಂದು ಸರಪಳಿ ಹೋದದ್ದಕ್ಕೆ ಇಡೀ ಹಂಗಾಮಿನ ನೀರು ಹೊಳೆಪಾಲಾಗುವ ಭೀತಿ ಹುಟ್ಟಿತು. ಕ್ಯಾನ್ಸರಿನ ಆರಂಭವನ್ನು ತಿಳಿಯಲು ಇದಕ್ಕಿಂತ ಸಮೀಪದ ಉದಾಹರಣೆ ನನಗೆ ಗೊತ್ತಿಲ್ಲ.

ಕಥೆ ಒಂದು ಕೋಳಿಯಿಂದ ಆರಂಭವಾಗುತ್ತದೆ. ಪೇಟನ್ ರೌಸ್ ಎಂಬ ವಿಜ್ಞಾನಿ 1911ರಲ್ಲಿ, ಕೋಳಿಯ ಗಡ್ಡೆಯ ರಸವನ್ನು ಕೋಶಗಳೆಲ್ಲ ಹೋಗುವಂತೆ ಸೋಸಿ ಇನ್ನೊಂದು ಕೋಳಿಗೆ ಚುಚ್ಚಿದರೆ ಅದಕ್ಕೂ ಗಡ್ಡೆ ಬರುತ್ತದೆಂದು ತೋರಿಸಿದರು. ಕಾರಣ ಒಂದು ವೈರಸ್. ಆ ವೈರಸ್ಸಿನಲ್ಲಿ ಗಡ್ಡೆ ತರುವ ‘ಸಾರ್ಕ್’ ಎಂಬ ವಂಶವಾಹಿ ಇತ್ತು. 1976ರಲ್ಲಿ ಮೈಕೆಲ್ ಬಿಷಪ್ ಮತ್ತು ಹೆರಾಲ್ಡ್ ವಾರ್ಮಸ್ ಅವರ ಬಳಗ ಅಚ್ಚರಿಯ ಸಂಗತಿಯೊಂದನ್ನು ಹೊರಗೆಡಹಿತು. ಆ ವಂಶವಾಹಿ ವೈರಸ್ಸಿನ ಸ್ವಂತದ್ದಲ್ಲ, ಆರೋಗ್ಯವಂತ ಕೋಳಿಯ ಕೋಶದಿಂದಲೇ ಎಂದೋ ಎತ್ತಿಕೊಂಡದ್ದು. ಮನುಷ್ಯನ ಕೋಶದಲ್ಲಿಯೂ ಅದು ಇದೆ. ಅದು ಮಾಡುವ ಪ್ರೋಟೀನು ಒಂದು ಕೈನೇಸ್. ನಮ್ಮ ಕೋಶದಲ್ಲಿರುವ ಸಾರ್ಕ್ ಕಿಣ್ವಕ್ಕೆ ಒಂದು ಬಾಲವಿದೆ. ಆ ಬಾಲ ಮಡಿಸಿಕೊಂಡು ಕಿಣ್ವವನ್ನು ಬಿಗಿಹಿಡಿದಿರುತ್ತದೆ, ಕರೆ ಬಂದಾಗ ಮಾತ್ರ ಸಡಿಲಿಸುತ್ತದೆ. ವೈರಸ್ಸಿನ ಸಾರ್ಕ್ ಕಿಣ್ವದಲ್ಲಿ ಆ ಬಾಲ ಕಳೆದುಹೋಗಿದೆ. ಸರಪಳಿ ಇಲ್ಲದ ಗೇಟು ಅದು. ಕ್ಯಾನ್ಸರಿನ ಬೀಜ ಪರಕೀಯವಲ್ಲ, ನಮ್ಮದೇ ಅಗತ್ಯದ ವಂಶವಾಹಿಯೊಂದು ಅಂಕೆ ತಪ್ಪಿದ್ದು ಎಂಬ ಈ ತಿಳಿವಳಿಕೆಗೆ 1989ರಲ್ಲಿ ನೊಬೆಲ್ ಸಂದಿತು.

ಇನ್ನೊಂದು ತೂಬಿನ ಹೆಸರು ‘ರಾಸ್’. ಇದು ಕೈನೇಸ್ ಅಲ್ಲ, ಆದರೆ ಕಿಣ್ವವೇ. ಜಿಟಿಪಿ ಎಂಬ ಅಣುವನ್ನು ಹಿಡಿದಾಗ ಇದು ತೆರೆದಿರುತ್ತದೆ, ಆ ಅಣುವನ್ನು ತಾನೇ ಕತ್ತರಿಸಿ ಮುಚ್ಚಿಕೊಳ್ಳುತ್ತದೆ. 1982ರಲ್ಲಿ ತಿಳಿದುಬಂದ ಸಂಗತಿಯೆಂದರೆ, ರಾಸ್ ವಂಶವಾಹಿಯ ಸಾವಿರಾರು ಅಕ್ಷರಗಳಲ್ಲಿ ಒಂದೇ ಒಂದು ಅಕ್ಷರ ತಪ್ಪಾದರೂ ಕತ್ತರಿಸುವ ಶಕ್ತಿ ಕುಂದುತ್ತದೆ. ಆಗ ತೂಬು ತೆರೆದೇ ಇರುತ್ತದೆ. 1991ರಲ್ಲಿ ನಮ್ಮ ದೇಶದ ಸಂಶೋಧಕರು ತಂಬಾಕು ಜಗಿಯುವವರ ಬಾಯಿ ಕ್ಯಾನ್ಸರಿನ ಗಡ್ಡೆಗಳನ್ನು ಪರೀಕ್ಷಿಸಿದಾಗ ಸುಮಾರು ಮೂರನೆಯ ಒಂದು ಪಾಲಿನಲ್ಲಿ ಹೆಚ್-ರಾಸ್ ವಂಶವಾಹಿಯ ಇಂತಹ ದೋಷ ಕಂಡುಬಂತು. ಪಾಶ್ಚಾತ್ಯ ದೇಶಗಳ ಬಾಯಿ ಕ್ಯಾನ್ಸರುಗಳಲ್ಲಿ ಈ ದೋಷ ಬಹಳ ಕಡಿಮೆ. ರೋಗದ ಹೆಸರು ಒಂದೇ ಆದರೂ, ಯಾವ ತೂಬು ಮುರಿಯುತ್ತದೆ ಎಂಬುದು ನಾವು ಏನನ್ನು ಬಾಯಿಗೆ ಹಾಕಿಕೊಳ್ಳುತ್ತೇವೆ ಎಂಬುದನ್ನು ಅವಲಂಬಿಸಿರಬಹುದು ಎಂಬ ಸುಳಿವು ಇದರಲ್ಲಿದೆ.

ಇಲ್ಲಿ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳಬೇಕು. ಒಂದು ತೂಬು ಮುರಿದ ಕೂಡಲೇ ಕ್ಯಾನ್ಸರ್ ಬರುವುದಾದರೆ ನಮ್ಮಲ್ಲಿ ಯಾರೂ ಉಳಿಯುತ್ತಿರಲಿಲ್ಲವಲ್ಲ? ನಿಜ. ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ನಾಟಿವೈದ್ಯರು ಬಲ್ಲ ಒಂದು ಬೀಜದಿಂದ. ಜಾಪಾಳದ ಬೀಜದ ಎಣ್ಣೆ ಕಡುಭೇದಿ, ಮೈಗೆ ತಗುಲಿದರೆ ಬೊಬ್ಬೆ ಏಳುತ್ತದೆ. ಐಸಾಕ್ ಬೆರೆನ್‌ಬ್ಲಮ್ ಎಂಬ ವಿಜ್ಞಾನಿ 1941ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇಲಿಗಳ ಚರ್ಮಕ್ಕೆ ಹೊಗೆ-ಡಾಂಬರುಗಳಲ್ಲಿರುವ ಬೆಂಜೊಪೈರೀನ್ ಎಂಬ ವಸ್ತುವನ್ನೂ ಈ ಎಣ್ಣೆಯನ್ನೂ ಸವರಿ ನೋಡಿದರು. ಮುಂದಿನ ವರ್ಷಗಳ ಪ್ರಯೋಗಗಳಿಂದ ಚಿತ್ರ ಸ್ಪಷ್ಟವಾಯಿತು. ಬೆಂಜೊಪೈರೀನನ್ನು ಒಮ್ಮೆ ಮಾತ್ರ, ಅಲ್ಪ ಪ್ರಮಾಣದಲ್ಲಿ ಸವರಿದರೆ ಗಡ್ಡೆ ಅಪರೂಪ. ಜಾಪಾಳದ ಎಣ್ಣೆಯೊಂದನ್ನೇ ಸವರಿದರೂ ಅಪರೂಪ. ಮೊದಲು ಅದನ್ನು ಒಮ್ಮೆ ಸವರಿ, ಅನಂತರ ಈ ಎಣ್ಣೆಯನ್ನು ವಾರ ವಾರವೂ ಸವರುತ್ತ ಹೋದರೆ ಗಡ್ಡೆಗಳು ಏಳುತ್ತವೆ. ಮೊದಲನೆಯದು ವಂಶವಾಹಿಯನ್ನು ಕೆಡಿಸುತ್ತದೆ. ಎರಡನೆಯದು ಕೆಟ್ಟ ಕೋಶವನ್ನು ‘ಬೆಳೆ, ಬೆಳೆ’ ಎಂದು ಕೂಗುತ್ತಿರುತ್ತದೆ. ಆ ಕೂಗು ಕೇಳಿಸುವುದು ಯಾರಿಗೆ ಎಂಬುದು 1982ರಲ್ಲಿ ಜಪಾನಿನ ಯಸುತೊಮಿ ನಿಶಿಜುಕ ಅವರ ಬಳಗದಿಂದ ತಿಳಿಯಿತು. ಜಾಪಾಳದ ಎಣ್ಣೆಯ ಫಾರ್ಬಾಲ್ ಎಸ್ಟರ್ ಎಂಬ ಅಂಶ ಕೋಶದೊಳಗಿನ ‘ಪ್ರೋಟೀನ್ ಕೈನೇಸ್ ಸಿ’ ಎಂಬ ಕಿಣ್ವವನ್ನು ನೇರವಾಗಿ ಎಬ್ಬಿಸುತ್ತದೆ.

ಪರಿಸರದ ವಿಷಯದಲ್ಲಿ ಮಾತನಾಡುವ ನಮಗೆಲ್ಲ ಇದೊಂದು ದೊಡ್ಡ ಪಾಠ. ವಿಷ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಒಂದು ತೂಬನ್ನು ಮುರಿಯುವುದು, ಇನ್ನೊಂದು ನೀರಗಂಟಿಗೆ ಬಿಡುವಿಲ್ಲದೆ ಸುಳ್ಳು ಕರೆ ಕಳುಹಿಸುವುದು. ಎರಡನೆಯದು ನಿತ್ಯದ ಉರಿ, ನಿತ್ಯದ ಕೆರೆತ, ನಿತ್ಯದ ಗಾಯ. ಅದನ್ನು ನಿಲ್ಲಿಸಿದರೆ ಎಷ್ಟೋ ಸಂದರ್ಭಗಳಲ್ಲಿ ಮೊದಲನೆಯದರ ಹಾನಿ ರೋಗವಾಗಿ ಬೆಳೆಯದೆ ಉಳಿಯಬಹುದು. ‘ಇಪ್ಪತ್ತು ವರ್ಷ ಜಗಿದಾಯಿತು, ಈಗ ಬಿಟ್ಟು ಏನು ಪ್ರಯೋಜನ?’ ಎನ್ನುವ ಹಿರಿಯರಿಗೆ ಇದೇ ನನ್ನ ಉತ್ತರ. ಬಿಟ್ಟ ದಿನದಿಂದಲೇ ಪ್ರಯೋಜನವಿದೆ.

ಈಗ ನೀರಿನ ಮಾತು. ಇಲ್ಲಿಂದ ಹೆಚ್ಚು ದೂರವಿಲ್ಲದ ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದವರು ಬೀಡನ್ ಎಂಬ ಗಣಿ ಎಂಜಿನಿಯರು. ಅವರು ಹುಡುಕುತ್ತಿದ್ದುದು ಚಿನ್ನವನ್ನು. ಮಸ್ಕಿ, ಲಿಂಗಸುಗೂರು ತಾಲ್ಲೂಕಿನ ಹಟ್ಟಿ, ಆಚೆಗೆ ಸುರಪುರ ತಾಲ್ಲೂಕಿನ ಮಂಗಳೂರು ಎಂಬ ಹಳ್ಳಿ, ಇವೆಲ್ಲ ಚಿನ್ನ ಹುದುಗಿರುವ ಹಳೆಯ ಶಿಲಾಪಟ್ಟಿಗಳ ಮೇಲಿವೆ. ಇಂತಹ ಬಂಡೆಗಳಲ್ಲಿ ಚಿನ್ನದೊಡನೆ ಆರ್ಸೆನಿಕ್ ಇರುವ ಖನಿಜವೂ ಬೆರೆತಿರುತ್ತದೆ. ಪಾಷಾಣವೆಂದು ನಾವು ಕರೆಯುವುದು ಇದರ ರೂಪವನ್ನೇ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕೊಳವೆಬಾವಿಗಳ ನೀರಿನಲ್ಲಿ ಮಿತಿಗಿಂತ ಬಹಳ ಹೆಚ್ಚು ಆರ್ಸೆನಿಕ್ ಇರುವುದೂ, ಅಲ್ಲಿನ ಅನೇಕರ ಅಂಗೈ ಅಂಗಾಲುಗಳು ಗಂಟುಗಟ್ಟಿ ಚರ್ಮದ ಮೇಲೆ ಕಲೆಗಳೆದ್ದಿರುವುದೂ ಪರೀಕ್ಷೆಗಳಿಂದ ಹೊರಬಿತ್ತು. ಕೋಲ್ಕತ್ತಾದ ವಿಜ್ಞಾನಿ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಇದರ ವರದಿಯನ್ನು ಪ್ರಕಟಿಸಿದರು. ನಿಮ್ಮ ಹಿರಿಯರು ಬಿಟ್ಟು ಬಂದ ಬಂಗಾಳದ ನೆಲದಲ್ಲಿಯೂ ಇದೇ ಪಾಷಾಣ ಲಕ್ಷಾಂತರ ಕೊಳವೆಬಾವಿಗಳಲ್ಲಿ ಕಾಣಿಸಿಕೊಂಡಿತು. 1983ರಲ್ಲಿ ಕೋಲ್ಕತ್ತಾದ ಚರ್ಮವೈದ್ಯ ಕೆ.ಸಿ. ಸಾಹ ಪಶ್ಚಿಮ ಬಂಗಾಳದ ರೋಗಿಗಳಲ್ಲಿ ಅದನ್ನು ಗುರುತಿಸಿದರು. ಅಲ್ಲಿ ಅದು ನದಿ ತಂದ ಮಣ್ಣಿನಿಂದ, ಇಲ್ಲಿ ಬಂಡೆಯಿಂದ. ಕುಡಿಯುವವರಿಗೆ ಎರಡೂ ಒಂದೇ.

ಆರ್ಸೆನಿಕ್ ಚರ್ಮ, ಶ್ವಾಸಕೋಶ ಮತ್ತು ಮೂತ್ರಕೋಶಗಳ ಕ್ಯಾನ್ಸರನ್ನು ತರುತ್ತದೆ ಎಂಬುದು ಸಿದ್ಧಪಟ್ಟ ಸಂಗತಿ. ಹೇಗೆ ಎಂಬುದರಲ್ಲಿ ನಮ್ಮ ಕಿಣ್ವಗಳು ಬರುತ್ತವೆ. ಕೆಟ್ಟ ವಂಶವಾಹಿಯನ್ನು ರಿಪೇರಿ ಮಾಡುವ ವ್ಯವಸ್ಥೆಯನ್ನು ಅದು ಮಂದಗೊಳಿಸುತ್ತದೆ. ಜೊತೆಗೆ, ಪ್ರೋಟೀನುಗಳಲ್ಲಿರುವ ಗಂಧಕದ ಗುಂಪುಗಳನ್ನು ಅದು ಹಿಡಿದುಕೊಳ್ಳುತ್ತದೆ. ತೂಬು ಇಳಿಸುವ ಹಲವು ಫಾಸ್ಫಟೇಸ್‌ಗಳ ಕೆಲಸದ ಜಾಗದಲ್ಲಿ ಇರುವುದು ಇಂತಹ ಗಂಧಕದ ಗುಂಪೇ. ಮುಚ್ಚುವವನ ಕೈ ಕಟ್ಟಿದರೆ ತೆರೆಯುವವನದೇ ಆಟ. ಆರ್ಸೆನಿಕ್ ಬೆರೆಸಿ ಬೆಳೆಸಿದ ಕೋಶಗಳಲ್ಲಿ ಸಾರ್ಕ್ ಕಿಣ್ವ, ಬೆಳವಣಿಗೆಯ ಗ್ರಾಹಕ ಮುಂತಾದವು ಕರೆಯಿಲ್ಲದೆಯೇ ಎಚ್ಚೆತ್ತಿರುವುದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ಈ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಾಢವಾಗುತ್ತದೆ.

ಇನ್ನು ಮಲೆನಾಡಿನವರಾದ ನಾವು ಕೇಳಲೇಬೇಕಾದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನು ಕೂಡ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಇದನ್ನು ಆಕ್ಷೇಪಿಸಿವೆ. ಅಡಿಕೆ ನಮ್ಮಲ್ಲಿ ಮಂಗಳದ್ರವ್ಯ, ಎಷ್ಟೋ ಮನೆಗಳ ಅನ್ನ, ಮಕ್ಕಳ ಓದು, ಹೆಣ್ಣುಮಕ್ಕಳ ಮದುವೆ. ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ಅಂಗಾಂಶದ ಸಾಕ್ಷ್ಯ ನಮ್ಮ ಅನುಕೂಲವನ್ನು ನೋಡಿ ಬದಲಾಗುವುದಿಲ್ಲ. ಅಡಿಕೆಯ ಅರೆಕೋಲಿನ್ ಮುಂತಾದ ಅಂಶಗಳು ಬಾಯಿಯ ಒಳಪದರದಲ್ಲಿ ಟಿಜಿಎಫ್-ಬೀಟಾ ಎಂಬ ಸಂಕೇತದ ಹಾದಿಯನ್ನು ಎಬ್ಬಿಸುತ್ತವೆ. ಇದರ ಗ್ರಾಹಕವೂ ಒಂದು ಕೈನೇಸ್. ಅದರಿಂದ ನಾರು ಕಟ್ಟುವ ಕೆಲಸ ಅತಿಯಾಗುತ್ತದೆ. ನಾರುಗಳನ್ನು ಹೊಲಿದು ಬಿಗಿಮಾಡುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ತಾಮ್ರ ಬೇಕು, ಅಡಿಕೆಯಲ್ಲಿ ತಾಮ್ರವೂ ಇದೆ. ಕೆನ್ನೆಯ ಒಳಭಾಗ ಬಿಳಿಚಿ ಗಡುಸಾಗಿ, ಬಾಯಿ ತೆರೆಯುವುದು ದಿನದಿನಕ್ಕೆ ಕಿರಿದಾಗುತ್ತದೆ. ಖಾರ ತಿಂದರೆ ಉರಿ. ಈ ಸ್ಥಿತಿಯಿಂದ ಕೆಲವರಲ್ಲಿ ಮುಂದೆ ಕ್ಯಾನ್ಸರ್ ಹುಟ್ಟುತ್ತದೆ. ಹದಿಹರೆಯದ ಹುಡುಗರಲ್ಲಿಯೇ ಇದು ಕಾಣಿಸಿಕೊಳ್ಳುತ್ತಿದೆ, ಏಕೆಂದರೆ ಚೀಟಿಯನ್ನು ಹರಿದು ಬಾಯಿಗೆ ಸುರಿದುಕೊಳ್ಳುವುದಕ್ಕೆ ಹೊತ್ತುಗೊತ್ತಿಲ್ಲ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಅಂಗಡಿಗಳು ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆ ಚೀಟಿಗಳಲ್ಲಿ ಮಾರತೊಡಗಿದವು. ಬಾಯಿಯಲ್ಲಿ ಅವೆರಡೂ ಮತ್ತೆ ಒಂದಾಗುತ್ತವೆ.

ನದಿಗೆ ವಿಷ ಬಿಡಬೇಡಿ ಎಂದು ಕಾರ್ಖಾನೆಗಳ ಎದುರು ಕೂಗಿದ ನಮ್ಮ ಚಳವಳಿ, ನಾವೇ ಬಯಲಿಗೆ ಕಳುಹಿಸುವ ಸರಕಿನ ಬಗ್ಗೆ ಮೌನವಾಗಿರುವುದು ನ್ಯಾಯವಲ್ಲ. ತೋಟಗಳನ್ನು ನಾಳೆಯೇ ಕಡಿಯಿರಿ ಎಂದು ನಾನು ಹೇಳುತ್ತಿಲ್ಲ. ಹೊಸದಾಗಿ ಗದ್ದೆ ಬಯಲುಗಳನ್ನು ಅಡಿಕೆಗೆ ಒಪ್ಪಿಸುವುದನ್ನು ನಿಲ್ಲಿಸೋಣ, ಕಾಳುಮೆಣಸು, ಏಲಕ್ಕಿ, ಜಾಯಿಕಾಯಿ, ಹಣ್ಣಿನ ಗಿಡಗಳನ್ನು ನಡುವೆ ಬೆಳೆಸಿ ಒಂದೇ ಬೆಳೆಯ ನೆಚ್ಚಿಕೆಯಿಂದ ಹೊರಬರೋಣ ಎನ್ನುತ್ತಿದ್ದೇನೆ.

ಗದ್ದೆಯ ಸಿಂಪರಣೆಯ ಬಗ್ಗೆಯೂ ಕೇಳಿದ್ದೀರಿ. ಎಲ್ಲ ಕೀಟನಾಶಕಗಳೂ ಕ್ಯಾನ್ಸರ್ ತರುತ್ತವೆ ಎಂದು ಹೇಳುವುದು ತಪ್ಪು. ಯಾವುದೂ ತರುವುದಿಲ್ಲ ಎನ್ನುವುದೂ ತಪ್ಪು. ಅದೇ ಸಂಶೋಧನಾ ವಿಭಾಗ 2015ರಲ್ಲಿ ಲಿಂಡೇನನ್ನು ಖಚಿತ ವರ್ಗಕ್ಕೂ, ಮೆಲಾಥಿಯಾನ್ ಮತ್ತು ಗ್ಲೈಫೊಸೇಟ್‌ಗಳನ್ನು ‘ಬಹುಶಃ’ ಎಂಬ ವರ್ಗಕ್ಕೂ ಸೇರಿಸಿತು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರುತೋಟಗಳ ಎಂಡೋಸಲ್ಫಾನ್ ದುರಂತದಲ್ಲಿ ಸರ್ವೋಚ್ಚ ನ್ಯಾಯಾಲಯದ ನಿಷೇಧ ಬಂದದ್ದು 2011ರಲ್ಲಿ, ಹಲವು ವರ್ಷಗಳ ಸಿಂಪರಣೆಯ ಅನಂತರ. ಪುರಾವೆ ಪೂರ್ಣವಾಗುವ ತನಕ ಕಾಯುವವರು ಸಿಂಪಡಿಸುವ ಕೂಲಿಯವರಲ್ಲ, ಬೇರೆಯವರು. ಆದ್ದರಿಂದ ಕಡಿಮೆ ಸಿಂಪರಣೆ, ಮೈಮುಖ ಮುಚ್ಚುವ ಬಟ್ಟೆ, ಕಾಲುವೆಯಲ್ಲಿ ಡಬ್ಬಿ ತೊಳೆಯದಿರುವುದು, ಇಷ್ಟನ್ನು ಇಂದೇ ಮಾಡಬಹುದು.

ಭರವಸೆಯ ಮಾತೂ ಇದೆ. 19ನೆಯ ಗೇಟಿನ ಜಾಗದಲ್ಲಿ ಹರಿಯುವ ನೀರಿನಲ್ಲಿಯೇ ತಡೆಹಲಗೆಗಳನ್ನು ಇಳಿಸಿ ವಾರದೊಳಗೆ ನೀರನ್ನು ಹಿಡಿದು ನಿಲ್ಲಿಸಿದ್ದನ್ನು ನೀವು ಕಂಡಿರಿ. ಕಿಣ್ವಕ್ಕೂ ಅಂತಹ ತಡೆಹಲಗೆ ಸಾಧ್ಯ. ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ 9 ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಸದಾ ತೆರೆದಿರುವ ಒಂದು ಕೈನೇಸ್ ಹುಟ್ಟುತ್ತದೆ. ಅದರ ಕೆಲಸದ ಗೂಡಿಗೆ ಸರಿಯಾಗಿ ಹೊಂದಿ ಕೂರುವ ಇಮ್ಯಾಟಿನಿಬ್ ಎಂಬ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಕೆಲವೇ ವರ್ಷಗಳಲ್ಲಿ ಸಾವು ಖಚಿತವಾಗಿದ್ದ ರೋಗಿಗಳು ಮಾತ್ರೆ ನುಂಗುತ್ತ ಹೊಲದ ಕೆಲಸಕ್ಕೆ ಮರಳುವಂತಾಯಿತು. ಆದರೆ ಕಂಪನಿಯ ಮಾತ್ರೆಗೆ ಆಗ ತಿಂಗಳಿಗೆ ಸುಮಾರು 1,20,000 ರೂಪಾಯಿ ಬೆಲೆಯಿತ್ತು. ನಮ್ಮ ದೇಶದ ತಯಾರಕರು ಅದನ್ನೇ ಸುಮಾರು 8,000ದಿಂದ 10,000 ರೂಪಾಯಿಗೆ ಕೊಡಬಲ್ಲವರಾಗಿದ್ದರು. 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯ ಕಂಪನಿಯ ಪೇಟೆಂಟ್ ಬೇಡಿಕೆಯನ್ನು ತಳ್ಳಿಹಾಕಿತು. ಬಡವನಿಗೆ ವಿಜ್ಞಾನದ ಜೊತೆಗೆ ಕಾನೂನೂ ಬೇಕಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಎಲ್ಲ ಕ್ಯಾನ್ಸರುಗಳಿಗೂ ಇಂತಹ ಮಾತ್ರೆ ಇಲ್ಲ, ಇರುವಲ್ಲಿಯೂ ಕೆಲವೊಮ್ಮೆ ಗೂಡಿನ ಆಕಾರ ಬದಲಾಗಿ ಮಾತ್ರೆ ಕೆಲಸ ಮಾಡದಂತಾಗುತ್ತದೆ. ಆದುದರಿಂದ ತಡೆಯುವುದೂ ಬೇಗ ಕಂಡುಹಿಡಿಯುವುದೂ ಇಂದಿಗೂ ಮೊದಲ ಮದ್ದು.

ಕೊನೆಯದಾಗಿ ಮಾಡಬೇಕಾದ ಕೆಲಸಗಳು. ಕುಡಿಯುವ ನೀರಿನ ಪರೀಕ್ಷೆಯನ್ನು ಗ್ರಾಮಸಭೆಯಲ್ಲಿ ಕೇಳಿರಿ, ‘ಆರ್ಸೆನಿಕ್’ ಎಂದು ಹೆಸರಿಸಿಯೇ ಕೇಳಿರಿ, ಏಕೆಂದರೆ ಸಾಮಾನ್ಯ ಪರೀಕ್ಷೆಯಲ್ಲಿ ಅದು ಸೇರಿರಬೇಕೆಂದಿಲ್ಲ. ಲೀಟರಿಗೆ 0.01 ಮಿಲಿಗ್ರಾಂ ಅದರ ಮಿತಿ. ವರದಿಯನ್ನು ಪಂಚಾಯಿತಿಯ ಗೋಡೆಗೆ ಹಚ್ಚಿಸಿರಿ. ಎರಡು ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಕೆನ್ನೆಯೊಳಗಿನ ಬಿಳಿ ಅಥವಾ ಕೆಂಪು ಮಚ್ಚೆ, ಕಿರಿದಾಗುತ್ತಿರುವ ಬಾಯಿ, ಎದೆಯ ಗಂಟು, ಮುಟ್ಟು ನಿಂತ ಮೇಲಿನ ರಕ್ತಸ್ರಾವ, ಇವುಗಳಲ್ಲಿ ಯಾವುದು ಕಂಡರೂ ಬೂದಿ ತಾಯತಗಳಿಗೆ ಕಾಯದೆ ವೈದ್ಯರ ಬಳಿಗೆ ಹೋಗಿರಿ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕೇಂದ್ರವೊಂದು ಕಲಬುರಗಿಯಲ್ಲಿಯೂ ಇದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ವಿದ್ಯಾರ್ಥಿಗಳು ತಮ್ಮ ಶಾಲೆಯ ಸುತ್ತ ಚೀಟಿ ಮಾರುವ ಅಂಗಡಿಗಳ ಪಟ್ಟಿ ಮಾಡಲಿ. ಶಾಲೆಯ ಬಳಿ ತಂಬಾಕು ಮಾರಬಾರದೆಂಬ ಕಾನೂನು 2003ರಿಂದಲೇ ಇದೆ, ಅದನ್ನು ಕೇಳುವವರು ಬೇಕು. ನಮ್ಮೊಡನೆ ಬಂದ ಮಲೆನಾಡಿನ ಮಕ್ಕಳು ಊರಿಗೆ ಮರಳಿದ ಮೇಲೆ, ಇಲ್ಲಿ ಕಂಡ ಚೀಟಿಗಳ ಸಂಗತಿಯನ್ನು ತಮ್ಮ ತೋಟದ ಅಂಗಳದಲ್ಲಿ ಮನೆಯವರಿಗೆ ಹೇಳಲಿ.

ಒಬ್ಬ ರೋಗಿಯನ್ನು ತೋರಿಸಿ ಇದೇ ಕಾರಣವೆಂದು ಬೆರಳು ಮಾಡುವುದು ವಿಜ್ಞಾನಕ್ಕೆ ಸಾಧ್ಯವಾಗುವುದು ಅಪರೂಪ. ಆದರೆ ಒಂದು ಊರಿನ ನೀರು, ಹೊಗೆ, ಜಗಿಯುವ ಚೀಟಿ, ಸಿಂಪಡಿಸುವ ಡಬ್ಬಿ ಇವುಗಳನ್ನು ಊರೇ ಸೇರಿ ಸರಿಪಡಿಸಿದರೆ ಆ ಊರಿನಲ್ಲಿ ರೋಗಿಗಳ ಸಂಖ್ಯೆ ಇಳಿಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಹರಿದು ಹೋದ ನೀರನ್ನು ಮರಳಿ ತರಲಾಗದು, ತೂಬನ್ನು ಕಾಯುವ ಕೆಲಸ ಮಾತ್ರ ನಮ್ಮ ಕೈಯಲ್ಲಿದೆ.